ಸಿಲ್ವೆಸ್ತ್ರೆ ರೆವುಯೆಲ್ತಾಸ್: ಮೆಕ್ಸಿಕೋ ಸಿನಿಮಾಗೆ ಸಂಗೀತ ಕೊಟ್ಟವರು

ಸಿನಿಮಾ ನೋಡಿ ಹೊರಗೆ ಬಂದ ಮೇಲೆ ನಾವೆಲ್ಲ ಮೊದಲು ಮಾತಾಡೋದು ಹೀರೋ ಬಗ್ಗೆ, ಆಮೇಲೆ ಬಿಜಿಎಂ ಬಗ್ಗೆ. ಹಾಸ್ಟೆಲ್‌ನಲ್ಲಿ ಎಷ್ಟೋ ಜನರ ರಿಂಗ್‌ಟೋನ್ ಕೂಡ ಯಾವುದೋ ಸಿನಿಮಾದ ಬಿಜಿಎಂ. ಆದರೆ ಸಿನಿಮಾಗೆ ಆಗ ತಾನೇ ಮಾತು ಬಂದಿದ್ದ 1930ರ ದಶಕದಲ್ಲಿ, ಹಿನ್ನೆಲೆ ಸಂಗೀತ ಹೇಗಿರಬೇಕು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಆ ಸಮಯದಲ್ಲಿ ಮೆಕ್ಸಿಕೋದಲ್ಲಿ ಕೆಲಸ ಮಾಡಿದ ಒಬ್ಬ ಸಂಗೀತಗಾರರ ಕಥೆ ಇದು. ಸಿನಿಮಾಗೆ ಅವರು ದುಡಿದಿದ್ದು ಬರೀ ಐದಾರು ವರ್ಷ.

ಸಿಲ್ವೆಸ್ತ್ರೆ ರೆವುಯೆಲ್ತಾಸ್ ಹುಟ್ಟಿದ್ದು 1899ರ ಡಿಸೆಂಬರ್ 31ರಂದು, ಉತ್ತರ ಮೆಕ್ಸಿಕೋದ ದುರಾಂಗೊ ರಾಜ್ಯದ ಸಾಂತಿಯಾಗೊ ಪಾಪಾಸ್ಕಿಯಾರೊ ಎಂಬ ಊರಿನಲ್ಲಿ. ಆ ಮನೆಯೇ ಕಲಾವಿದರ ಮನೆ. ತಮ್ಮಂದಿರಲ್ಲಿ ಫೆರ್ಮಿನ್ ಚಿತ್ರಕಾರ, ಹೊಸೆ ಲೇಖಕ. ತಂಗಿ ರೊಸೌರಾ ನಟಿ. ಸಿಲ್ವೆಸ್ತ್ರೆ ಹಿಡಿದಿದ್ದು ಪಿಟೀಲು. ಮೆಕ್ಸಿಕೋ ನಗರದಲ್ಲಿ, ಆಮೇಲೆ ಅಮೆರಿಕದ ಆಸ್ಟಿನ್ ಮತ್ತು ಶಿಕಾಗೋದಲ್ಲಿ ಓದಿದರು. 1920ರ ದಶಕದಲ್ಲಿ ಟೆಕ್ಸಾಸ್ ಮತ್ತು ಅಲಬಾಮಾದ ಥಿಯೇಟರ್ ಆರ್ಕೆಸ್ಟ್ರಾಗಳಲ್ಲಿ ಹೊಟ್ಟೆಪಾಡಿನ ಕೆಲಸ ಮಾಡಿದರು. ಆಗ ಮೂಕಿ ಚಿತ್ರಗಳ ಕಾಲ. ಪರದೆ ಮೇಲೆ ಚಿತ್ರ ಓಡ್ತಾ ಇದ್ದರೆ ಕೆಳಗೆ ಕೂತು ಲೈವ್ ಆಗಿ ನುಡಿಸಬೇಕು. ಸಿನಿಮಾ ಸಂಗೀತದ ಮೊದಲ ಪಾಠ ಅವರಿಗೆ ಅಲ್ಲೇ ಆಯ್ತು ಅನ್ನಬಹುದು.

1929ರಲ್ಲಿ ಸಂಗೀತಗಾರ ಕಾರ್ಲೋಸ್ ಚಾವೆಸ್ ಅವರನ್ನು ಮೆಕ್ಸಿಕೋಗೆ ವಾಪಸ್ ಕರೆಸಿ, ತಮ್ಮ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸಹಾಯಕ ನಿರ್ದೇಶಕರಾಗಿ ಸೇರಿಸಿಕೊಂಡರು. ಸ್ವಂತ ರಚನೆಗಳನ್ನು ಸೀರಿಯಸ್ಸಾಗಿ ಬರೆಯೋಕೆ ರೆವುಯೆಲ್ತಾಸ್ ಶುರು ಮಾಡಿದ್ದೂ ಈ ಹೊತ್ತಿಗೇ. ಅಂದರೆ 30 ವರ್ಷ ತುಂಬುವ ಸಮಯ. ಮುಂದೆ ಉಳಿದಿದ್ದು ಹತ್ತೇ ವರ್ಷ.

ಅವರ ಮೊದಲ ದೊಡ್ಡ ಸಿನಿಮಾ ‘ರೆದೆಸ್’. ಸ್ಪ್ಯಾನಿಷ್‌ನಲ್ಲಿ ಹಾಗಂದ್ರೆ ಬಲೆಗಳು. ವೆರಾಕ್ರೂಸ್ ಕರಾವಳಿಯ ಅಲ್ವರಾಡೊದಲ್ಲಿ ಇದನ್ನು ತೆಗೆದರು. ದುಡ್ಡು ಸರ್ಕಾರದ್ದು, ಕ್ಯಾಮೆರಾ ಅಮೆರಿಕದ ಪಾಲ್ ಸ್ಟ್ರ್ಯಾಂಡ್ ಅವರದ್ದು, ನಿರ್ದೇಶನ ಫ್ರೆಡ್ ಜಿನ್ನೆಮನ್ ಮತ್ತು ಎಮಿಲಿಯೊ ಗೋಮೆಸ್ ಮುರಿಯೆಲ್ ಅವರದ್ದು. ನಟಿಸಿದವರಲ್ಲಿ ಹೆಚ್ಚಿನವರು ವೃತ್ತಿ ನಟರಲ್ಲ, ಆ ಊರಿನ ಜನರೇ. ಔಷಧಿಗೆ ಕಾಸಿಲ್ಲದೆ ಮಗುವನ್ನು ಕಳೆದುಕೊಂಡ ಒಬ್ಬ ಮೀನುಗಾರ, ಹಿಡಿದ ಮೀನಿಗೆ ಸರಿಯಾದ ಬೆಲೆ ಕೊಡಿ ಅಂತ ಜೊತೆಗಾರರನ್ನು ಒಟ್ಟುಗೂಡಿಸುತ್ತಾನೆ. ಕೊನೆಗೆ ಅವನನ್ನೂ ಕೊಲ್ಲುತ್ತಾರೆ.

ಈ ಚಿತ್ರಕ್ಕೆ ಸಂಗೀತ ಮಾಡಬೇಕಿದ್ದವರು ಚಾವೆಸ್. ಸರ್ಕಾರ ಬದಲಾಗಿ ಅವರ ಹುದ್ದೆ ಹೋಯ್ತು, ಕೆಲಸ ರೆವುಯೆಲ್ತಾಸ್ ಕೈಗೆ ಬಂತು. ಇಬ್ಬರ ಸ್ನೇಹ ಮುರಿದುಬಿತ್ತು, 1935ರಲ್ಲಿ ರೆವುಯೆಲ್ತಾಸ್ ಆರ್ಕೆಸ್ಟ್ರಾ ಬಿಟ್ಟರು. ‘ರೆದೆಸ್’ನಲ್ಲಿ ಮಾತು ತುಂಬಾ ಕಮ್ಮಿ. ಹಾಗಾಗಿ ಮಗುವಿನ ಶವಯಾತ್ರೆ ಇರಲಿ, ದೋಣಿಗಳ ದೃಶ್ಯ ಇರಲಿ, ಭಾರ ಹೊರೋದು ಸಂಗೀತವೇ. ಅದು ಅಳಿಸೋಕೆ ಅಂತ ಬರೆದ ಸಂಗೀತ ಅಲ್ಲ. ಅದರಲ್ಲಿ ದುಃಖಕ್ಕಿಂತ ಸಿಟ್ಟು ಜಾಸ್ತಿ ಅಂತ ನಮಗೆ ಅನಿಸುತ್ತೆ.

ಅದೇ ಹೊತ್ತಿಗೆ ಫೆರ್ನಾಂಡೊ ದೆ ಫುಯೆಂತೆಸ್ ನಿರ್ದೇಶನದ ‘ವಾಮೊನೋಸ್ ಕೊನ್ ಪಾಂಚೊ ವಿಯಾ’ಕ್ಕೂ ಅವರದ್ದೇ ಸಂಗೀತ. ಕ್ರಾಂತಿಕಾರಿ ಪಾಂಚೊ ವಿಯಾನ ಸೈನ್ಯಕ್ಕೆ ಸೇರುವ ಆರು ಗೆಳೆಯರ ಕಥೆ ಇದು. ಇದರಲ್ಲಿ ರೆವುಯೆಲ್ತಾಸ್ ಪರದೆ ಮೇಲೂ ಬರ್ತಾರೆ, ಬಾರ್‌ನಲ್ಲಿ ಪಿಯಾನೋ ನುಡಿಸುವವನಾಗಿ! ಗುಂಡಿನ ಚಕಮಕಿ ಶುರುವಾದಾಗ, ಪಿಯಾನೋದವನಿಗೆ ದಯವಿಟ್ಟು ಗುಂಡು ಹಾರಿಸಬೇಡಿ ಅನ್ನೋ ಬೋರ್ಡ್ ಕಾಣಿಸುತ್ತೆ. ಆಗ ಸಿನಿಮಾ ಓಡಲಿಲ್ಲ. ಈಗ ಮೆಕ್ಸಿಕೋದ ಅತ್ಯುತ್ತಮ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನ.

1937ರಲ್ಲಿ ಅವರು ಅಂತರ್ಯುದ್ಧ ನಡೀತಿದ್ದ ಸ್ಪೇನ್‌ಗೆ ಹೋದರು. ಫ್ರಾಂಕೋ ವಿರುದ್ಧ ನಿಂತಿದ್ದ ಗಣರಾಜ್ಯದ ಪರವಾಗಿ ಕಛೇರಿಗಳನ್ನು ನಡೆಸಿ ವಾಪಸ್ ಬಂದರು. ಊರಿನಲ್ಲಿ ಕಾದಿದ್ದು ಬಡತನ. ಜೊತೆಗೆ ಕುಡಿತದ ಚಟ, ಮತ್ತೆ ಮತ್ತೆ ಆಸ್ಪತ್ರೆ. ಪಾಠ ಹೇಳಿ, ಸಿಕ್ಕ ಸಿನಿಮಾಗಳನ್ನೆಲ್ಲ ಒಪ್ಪಿಕೊಂಡು ಬದುಕಬೇಕಾಯ್ತು. 1939ರ ‘ಲಾ ನೋಚೆ ದೆ ಲೋಸ್ ಮಾಯಾಸ್’, ಅಂದರೆ ಮಾಯಾ ಜನರ ರಾತ್ರಿ, ಈ ಅವಧಿಯದ್ದು. ಕಾಮಿಡಿ ನಟ ಕಾಂತಿನ್‌ಫ್ಲಾಸ್ ಇದ್ದ ‘ಎಲ್ ಸಿಗ್ನೊ ದೆ ಲಾ ಮುಯೆರ್ತೆ’ಗೂ ಅವರೇ ಸಂಗೀತ ಕೊಟ್ಟರು. 1940ರ ಅಕ್ಟೋಬರ್ 5ರಂದು ಮೆಕ್ಸಿಕೋ ನಗರದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 40 ವರ್ಷ.

ಇಲ್ಲಿಂದ ಕಥೆಗೆ ಇನ್ನೊಂದು ತಿರುವು ಇದೆ. ಸಿನಿಮಾ ಸಂಗೀತ ಅಂದ್ರೆ ಎರಡು ನಿಮಿಷ, ಮೂರು ನಿಮಿಷದ ತುಂಡುಗಳು. ಅವನ್ನು ವೇದಿಕೆ ಮೇಲೆ ಹಾಗೇ ನುಡಿಸೋಕೆ ಆಗಲ್ಲ. 1943ರಲ್ಲಿ ಎರಿಕ್ ಕ್ಲೈಬರ್ ‘ರೆದೆಸ್’ನ ತುಂಡುಗಳನ್ನು ಸೇರಿಸಿ ಒಂದು ಸೂಟ್ ಮಾಡಿದರು. ಹೊಸೆ ಈವ್ಸ್ ಲಿಮಾಂತೂರ್ ‘ಮಾಯಾಸ್’ ಸಂಗೀತವನ್ನು ನಾಲ್ಕು ಭಾಗಗಳ ಸೂಟ್ ಮಾಡಿ 1961ರಲ್ಲಿ ನುಡಿಸಿದರು. ಇವತ್ತು ಜಗತ್ತಿನ ದೊಡ್ಡ ಆರ್ಕೆಸ್ಟ್ರಾಗಳು ನುಡಿಸೋದು ಇದನ್ನೇ. ಅದರ ಕೊನೆಯ ಭಾಗಕ್ಕೆ ಸುಮಾರು ಹನ್ನೆರಡು ಜನ ತಾಳವಾದ್ಯದವರು ಬೇಕು, ಶಂಖ ಕೂಡ ಬೇಕು. ಅಭಿಮಾನಿಗಳು ಹುಚ್ಚರ ಹಾಗೆ ಚಪ್ಪಾಳೆ ಹೊಡೆಯೋದೂ ಅಲ್ಲೇ.

ಆದರೆ ಆ ಭಾಗದಲ್ಲಿ ರೆವುಯೆಲ್ತಾಸ್ ಎಷ್ಟು, ಲಿಮಾಂತೂರ್ ಎಷ್ಟು ಅನ್ನೋ ಚರ್ಚೆ ಇದೆ. ಒಬ್ಬರು ಬರೆದ ಕೋಡ್ ಮೇಲೆ ಇನ್ನೊಬ್ಬರು ದೊಡ್ಡ ಪ್ರಾಜೆಕ್ಟ್ ಕಟ್ಟಿದರೆ ಕ್ರೆಡಿಟ್ ಯಾರಿಗೆ? ನಮ್ಮ ಲ್ಯಾಬ್‌ನಲ್ಲೂ ಬರುವ ಪ್ರಶ್ನೆಯೇ ಇದು. ನಮ್ಮ ಪ್ರಕಾರ ಲಿಮಾಂತೂರ್ ಅನ್ಯಾಯ ಮಾಡಲಿಲ್ಲ. ಅವರು ಜೋಡಿಸದೇ ಇದ್ದಿದ್ದರೆ ಈ ಸಂಗೀತ ಹಳೇ ರೀಲ್ ಡಬ್ಬದಲ್ಲೇ ಉಳಿದುಬಿಡ್ತಿತ್ತು. ಆದರೆ ಕೇಳುವ ನಮಗೆ ಇಬ್ಬರ ಹೆಸರೂ ಗೊತ್ತಿರಬೇಕು.

ಪೂರ್ತಿ ಅವರದ್ದೇ ಆದ ಸಂಗೀತ ಕೇಳಬೇಕು ಅಂದ್ರೆ 1938ರ ‘ಸೆನ್ಸೆಮಾಯಾ’ ಇದೆ. ಕ್ಯೂಬಾದ ಕವಿ ನಿಕೊಲಾಸ್ ಗಿಯೆನ್ ಅವರ, ಹಾವು ಕೊಲ್ಲುವ ಪದ್ಯ ಅದಕ್ಕೆ ಸ್ಫೂರ್ತಿ. ತಾಳ ಹೆಚ್ಚಾಗಿ ಏಳು ಎಣಿಕೆಯದ್ದು, ನಮ್ಮ ಮಿಶ್ರಚಾಪು ಗೊತ್ತಿದ್ದವರು ಬೇಗ ಹಿಡಿಯಬಹುದು. 2005ರ ಹಾಲಿವುಡ್ ಸಿನಿಮಾ ‘ಸಿನ್ ಸಿಟಿ’ಯಲ್ಲೂ ಅದನ್ನು ಬಳಸಿದ್ದಾರೆ. ಅಂದರೆ ನಮ್ಮಲ್ಲಿ ಕೆಲವರು ರೆವುಯೆಲ್ತಾಸ್ ಅವರನ್ನು ಹೆಸರು ತಿಳಿಯದೇ ಆಗಲೇ ಕೇಳಿಬಿಟ್ಟಿದ್ದೀವಿ. ಇನ್ಮೇಲೆ ಹೆಸರು ತಿಳಿದುಕೊಂಡೇ ಕೇಳೋಣ. ಇಂಟರ್ನಲ್ಸ್ ಮುಗಿದ ಮೇಲೆ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು.