ನೆಲದ ಮೇಲಿನ ಯುದ್ಧ

ಸ್ಪೇಸ್ ಸೈನಿಕರ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚಿ ಯುದ್ಧದಾಟ ಆಡೋ ನಾವೆಲ್ಲ ಎಚ್. ಜಿ. ವೆಲ್ಸ್‌ಗೆ ಎರಡು ಸಲ ಸಾಲಗಾರರು. ಮಂಗಳ ಗ್ರಹದವರನ್ನು ಭೂಮಿಗೆ ಇಳಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' (1898) ಅವನದೇ, ಗೊಂಬೆ ಯುದ್ಧಕ್ಕೆ ರೂಲ್ಸ್ ಬರೆದ 'ಲಿಟಲ್ ವಾರ್ಸ್' (1913) ಕೂಡ ಅವನದೇ.

ಹುಟ್ಟಿದ್ದು 1866ರಲ್ಲಿ, ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ. ಅಪ್ಪನ ಅಂಗಡಿ ನಡೀತಿರಲಿಲ್ಲ. ಹುಡುಗ ಬಟ್ಟೆ ಅಂಗಡಿಯಲ್ಲಿ ದುಡಿದ, ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿನಲ್ಲಿ ಹಕ್ಸ್ಲಿ ಹತ್ತಿರ ಜೀವಶಾಸ್ತ್ರ ಓದಿದ. 1887ರಲ್ಲಿ ಜಿಯಾಲಜಿಯಲ್ಲಿ ಫೇಲ್! ಡಿಗ್ರಿ ಬಂದಿದ್ದು 1890ರಲ್ಲಿ. (ಬ್ಯಾಕ್‌ಲಾಗ್ ಇರೋ ಗೆಳೆಯರು ಗಮನಿಸಿ.)

ಅವನ ಆಟದಲ್ಲಿ ಕಾಲಾಳು ಒಂದು ಸರದಿಗೆ 1 ಅಡಿ ನಡೀತಾನೆ, ಕುದುರೆ ಸವಾರ 2 ಅಡಿ. ಸ್ಪ್ರಿಂಗ್ ಫಿರಂಗಿಯಿಂದ ಕಟ್ಟಿಗೆಯ ಗುಂಡು ಹಾರಿಸಿ ಎದುರಾಳಿಯನ್ನು ಬೀಳಿಸಬೇಕು. ಬ್ರಿಟನ್ಸ್ ಕಂಪನಿಯ ಸೀಸದ ಸೈನಿಕರು ಬಣ್ಣ ಹಚ್ಚಿಕೊಂಡೇ ಬರ್ತಿದ್ರು. ನಮಗೆ ಆ ಸುಖ ಇಲ್ಲ: ಪ್ರೈಮರ್ ಹಾಕಿ, ಒಣಗಿಸಿ, ತೆಳುವಾಗಿ ಎರಡು ಕೋಟ್. ಗೊಂಬೆ ಆರಿಸುವಾಗ ಎಲ್ಲವೂ ಒಂದೇ ಅಳತೆಯವು ಇರಲಿ. ಎರಡು ಪಡೆ ದೂರದಿಂದಲೇ ಬೇರೆಬೇರೆ ಕಾಣಬೇಕು, ಮುಖದ ಕಣ್ಣು-ಹುಬ್ಬು ಆಮೇಲೆ.

ವೆಲ್ಸ್ ಆಡಿದ್ದು ನೆಲದ ಮೇಲೆ, ಮಕ್ಕಳ ಜೊತೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆ ಮನೆಗಳ ಶಹಾಬಾದ್ ಕಲ್ಲಿನ ನೆಲ ಇದಕ್ಕೆ ಮಸ್ತ್. ಅಡಿ ಲೆಕ್ಕದಲ್ಲಿ ಕತ್ತರಿಸಿದ ಚಪ್ಪಡಿ ಇದ್ರೆ ಟೇಪೇ ಬೇಡ.

ಯಾರನ್ನೂ ಕೊಲ್ಲದ ಈ ಯುದ್ಧವೇ ನಿಜವಾದದ್ದಕ್ಕಿಂತ ಮೇಲು ಅಂತ ಅದೇ ಪುಸ್ತಕದಲ್ಲಿ ವಾದಿಸಿದ್ದ. ಮರುವರ್ಷವೇ ಮಹಾಯುದ್ಧ ಶುರುವಾಯ್ತು. 1914ರಲ್ಲೇ ಬಂದ ಕಾದಂಬರಿಯಲ್ಲಿ ಅಣುಬಾಂಬ್ ಅನ್ನೋ ಆಯುಧವನ್ನೂ ಕಲ್ಪಿಸಿದ್ದ. ಹಿರೋಶಿಮಾ ಆದ ಒಂದು ವರ್ಷಕ್ಕೆ, 1946ರ ಆಗಸ್ಟ್ 13ರಂದು ತೀರಿಕೊಂಡ.