ಭಾಸ್ಕರಾಚಾರ್ಯರು ಮತ್ತು ಸಾಲಿನ ಲೆಕ್ಕ

ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಭಾಸ್ಕರಾಚಾರ್ಯರ ಬಗ್ಗೆ ಬರೆಯುತ್ತೇನೆ.

ಭಾಸ್ಕರಾಚಾರ್ಯರು ಕ್ರಿ.ಶ. 1114ರಲ್ಲಿ ಹುಟ್ಟಿದರು. ತಂದೆ ಮಹೇಶ್ವರ. ಅವರೇ ಮಗನಿಗೆ ಗುರುಗಳು. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದು ಅವರು ಬರೆದಿದ್ದಾರೆ. ಅದು ನಮ್ಮ ವಿಜಯಪುರನೇ ಅಂತ ನಮ್ಮ ಕಡೆ ಹೇಳತಾರ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದ ಕಡೆ ಅಂತ ಬೇರೆ ಪಂಡಿತರು ಹೇಳತಾರ. ಅವರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲು ಅಲ್ಲಿ ಮಠ ಮಾಡಿಸಿದ. ಅದರ 1207ರ ಶಾಸನ ಅಲ್ಲಿ ಸಿಕ್ಕಿದೆ. ಅವರು ನಮ್ಮ ಊರವರೇ ಆಗಲಿ ಅಂತ ನನಗೂ ಆಸೆ ಅದ. ಆದರ ಆ ಶಾಸನದ ಮಾತು ಮುಚ್ಚಿಡಬಾರದು.

36ನೇ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ ಬರೆದರು. ಅದರಲ್ಲಿ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗ. 69ನೇ ವಯಸ್ಸಿನಲ್ಲಿ ‘ಕರಣಕುತೂಹಲ’ ಬರೆದರು. ಆ ವಯಸ್ಸಿಗೂ ಲೆಕ್ಕ ಬಿಟ್ಟಿರಲಿಲ್ಲ ನೋಡ್ರಿ!

ಬೀಜಗಣಿತದಲ್ಲಿ ಒಂದು ಚಂದದ ಲೆಕ್ಕ ಅದ. ಒಬ್ಬನ ಹತ್ತಿರ 5 ಮಾಣಿಕ್ಯ, 8 ನೀಲ, 7 ಮುತ್ತು, 90 ನಾಣ್ಯ. ಇನ್ನೊಬ್ಬನ ಹತ್ತಿರ 7 ಮಾಣಿಕ್ಯ, 9 ನೀಲ, 6 ಮುತ್ತು, 62 ನಾಣ್ಯ. ಇಬ್ಬರ ಆಸ್ತಿನೂ ಸಮ. ಹಾಗಾದರೆ ಒಂದೊಂದು ರತ್ನದ ಬೆಲೆ ಎಷ್ಟು?

ಇಂಥ ಲೆಕ್ಕವನ್ನು ಆಗ ಎರಡು ಸಾಲಿನಲ್ಲಿ ಬರೆಯುತ್ತಿದ್ದರು:

5  8  7  90
7  9  6  62

ಗೊತ್ತಿಲ್ಲದ ಬೆಲೆಗಳಿಗೆ ಯಾ, ಕಾ, ನೀ ಎಂದೂ, ಗೊತ್ತಿದ್ದ ಸಂಖ್ಯೆಗೆ ರೂ ಎಂದೂ ಗುರುತು. ಒಂದೇ ಜಾತಿಯದು ಒಂದರ ಕೆಳಗೆ ಒಂದು ಬರಬೇಕು. ಯಾವುದಾದರೂ ಇಲ್ಲದಿದ್ದರೆ ಆ ಜಾಗದಲ್ಲಿ ಸೊನ್ನೆ ಇಡಬೇಕು. ಈ ಪದ್ಧತಿ ಭಾಸ್ಕರಾಚಾರ್ಯರಿಗಿಂತ ಹಳೆಯದು. ಅವರು ಅದನ್ನು ಚೆನ್ನಾಗಿ ಬೆಳೆಸಿದರು.

ಇಂಥ ಸಾಲು-ಕಂಬದ ಸಂಖ್ಯೆಗಳಿಗೆ ಈಗ ಮ್ಯಾಟ್ರಿಕ್ಸ್ ಅಂತಾರ. ನಮ್ಮ ಅಣ್ಣ ವಿಜಯಪುರದಾಗ ಕಂಪ್ಯೂಟರ್ ಓದತಾನ. ಅಸೆಂಬ್ಲಿ ಭಾಷೆಯಲ್ಲಿ ಇದನ್ನು ಹೇಗೆ ಇಡತಾರ ಅಂತ ಅವನು ನನಗ ತಿಳಿಸಿದ. ಕಂಪ್ಯೂಟರಿನ ನೆನಪು ಒಂದೇ ಉದ್ದನೆಯ ಸಾಲು. ಅಲ್ಲಿ ಹೀಗೆ ಕೂಡತಾವ: 5, 8, 7, 90, 7, 9, 6, 62. ಎರಡನೇ ಸಾಲಿನ ಮೂರನೆಯದು ಬೇಕಾದರೆ, ಮೊದಲ ಸಾಲಿನ 4 ದಾಟಿ ಮತ್ತೆ 3 ಎಣಿಸಬೇಕು. ಏಳನೆಯದು 6. ಅದೇ ಮುತ್ತು! ಅಸೆಂಬ್ಲಿಯಲ್ಲಿ ಈ ಎಣಿಕೆಯನ್ನು ಬರೆಯುವವರೇ ಹೇಳಿಕೊಡಬೇಕು. ನಮ್ಮ ತಿಕೋಟಾದ ದ್ರಾಕ್ಷಿ ತೋಟದಾಗ ಸಾಲು ಎಣಿಸಿ ಬಳ್ಳಿ ಹುಡುಕಿದಂಗ.

ಎರಡನೆಯವನ ಹತ್ತಿರ ನೀಲ ಇಲ್ಲ ಅಂತ ತಿಳಿಯಿರಿ. ಸೊನ್ನೆ ಇಡದೆ ಬಿಟ್ಟರೆ ಮುಂದಿನದೆಲ್ಲ ಒಂದು ಜಾಗ ಹಿಂದಕ್ಕೆ ಸರೀತದ. ಏಳನೇ ಜಾಗಕ್ಕೆ 62 ಬರತದ. ನಾಣ್ಯಗಳನ್ನೇ ಕಂಪ್ಯೂಟರ್ ಮುತ್ತು ಅಂತ ಎಣಿಸತದ! ಆದ್ದರಿಂದ ಇಲ್ಲದ್ದಕ್ಕೂ ಜಾಗ ಕೊಡಬೇಕು.

ಭಾಸ್ಕರಾಚಾರ್ಯರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಗೊತ್ತಿತ್ತು ಅಂತ ಹೇಳಿದರೆ ಸುಳ್ಳಾಗತದ. ಆದರ ಕಂಪ್ಯೂಟರ್ ಇಂಗ್ಲಿಷ್ ಮೀಡಿಯಂನವರಿಗೆ ಮಾತ್ರ ಅಂತ ಹೆದರುವ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಇದರ ಬುಡದಲ್ಲಿರೋದು ಸಾಲು, ಜಾಗ, ಸೊನ್ನೆ. ಅದು ನಮಗೂ ಬರತದ.

ಮೇಲಿನ ಲೆಕ್ಕಕ್ಕೆ ಒಂದು ಉತ್ತರ: ಮಾಣಿಕ್ಯ 14, ನೀಲ 1, ಮುತ್ತು 1. ಇಬ್ಬರ ಆಸ್ತಿ 175 ಆಗತದ. ಇನ್ನೂ ಬೇರೆ ಉತ್ತರಗಳು ಅದಾವ. ಹುಡುಕಿ ಈ ಹಾಳೆಯ ಕೆಳಗೆ ಬರೀರಿ.

– 7ನೇ ತರಗತಿ