ವಿಲಿಯಂ ಬ್ಯಾಂಟಿಂಗ್: ತನ್ನ ಪಥ್ಯವನ್ನು ಬರೆದಿಟ್ಟ ರೋಗಿ

ನೈರೋಬಿಯ ರುಂಡಾದಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಒಂಬತ್ತು ದಿನಗಳಿಂದ ಎರಡು ಬಗೆಯ ಅಡುಗೆ ನಡೆದಿದೆ. ಮನೆಯವರಿಗೆ ಅನ್ನ, ಸಾರು, ಚಪಾತಿ. ನನಗೆ ಬೇಯಿಸಿದ ಸುಕುಮಾ ಸೊಪ್ಪು, ಮೊಟ್ಟೆ, ಕೆನೆ ತೆಗೆದ ಮೊಸರು, ಹಾಲು ಸಕ್ಕರೆಗಳಿಲ್ಲದ ಚಹಾ. ಇನ್ನು ಐದು ದಿನ ಕಳೆದರೆ ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ. ವೈದ್ಯವೃತ್ತಿಗೆ ಬಂದಂದಿನಿಂದ ಸ್ಥೂಲಕಾಯದ ರೋಗಿಗಳಿಗೆ ಕಡಿಮೆ ತಿನ್ನಿರಿ, ಹೆಚ್ಚು ನಡೆಯಿರಿ ಎಂದು ಹೇಳಿ ಕಳುಹಿಸಿದವಳು ನಾನು. ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡು ಹಲವು ಬಾರಿ ಸೋತ ಮೇಲೆ, ರೋಗಿಯ ಕುರ್ಚಿಯಲ್ಲಿ ಕುಳಿತೆ. ಈ ದಿನಗಳಲ್ಲಿ ನನಗೆ ಜೊತೆಯಾಗಿರುವುದು ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ ಇನ್ನೊಬ್ಬ ರೋಗಿಯ ಜೀವನಕಥೆ.

ವಿಲಿಯಂ ಬ್ಯಾಂಟಿಂಗ್ ಹುಟ್ಟಿದ್ದು 1796ರಲ್ಲಿ. ಇನ್ಸುಲಿನ್ ಸಂಶೋಧನೆಗಾಗಿ 1923ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಬ್ಯಾಂಟಿಂಗ್ ಬೇರೆ, ಈತ ಬೇರೆ. ಈತನ ಮನೆತನದ ಕಸುಬು ಅಂತ್ಯಕ್ರಿಯೆಗಳ ಏರ್ಪಾಡು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿದ್ದ ಅವರ ಸಂಸ್ಥೆ ಇಂಗ್ಲೆಂಡಿನ ರಾಜಮನೆತನದ ಶವಸಂಸ್ಕಾರಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿತ್ತು. 1852ರಲ್ಲಿ ವೆಲ್ಲಿಂಗ್ಟನ್ ಡ್ಯೂಕನ ಅದ್ದೂರಿಯ ಅಂತ್ಯಯಾತ್ರೆಯ ಹೊಣೆಯೂ ಅದರದೇ ಆಗಿತ್ತು. ಬ್ಯಾಂಟಿಂಗ್ ಅನುಕೂಲಸ್ಥ, ದುಡಿಮೆಗಾರ, ಲೆಕ್ಕಾಚಾರದ ಮನುಷ್ಯ. ಸೋಮಾರಿತನವನ್ನಾಗಲಿ ಅತಿಯಾದ ಭೋಜನಪ್ರೀತಿಯನ್ನಾಗಲಿ ಅವನ ಮೇಲೆ ಹೊರಿಸುವಂತಿರಲಿಲ್ಲ. ಆದರೂ ಮೂವತ್ತು ದಾಟಿದ ಮೇಲೆ ಮೈ ತುಂಬುತ್ತಲೇ ಹೋಯಿತು.

ಅವನು ಕೈಕಟ್ಟಿ ಕುಳಿತಿರಲಿಲ್ಲ. ಪರಿಚಯದ ವೈದ್ಯನೊಬ್ಬನ ಸಲಹೆಯಂತೆ ಬೆಳಗಿನ ಜಾವದಲ್ಲಿ ನದಿಯಲ್ಲಿ ದೋಣಿ ನಡೆಸಿದ. ತೋಳುಗಳಿಗೆ ಬಲ ಬಂತು, ಅದರೊಡನೆ ಹಸಿವೂ ಬಂತು, ತೂಕ ಏರಿತು. ಕುದುರೆಸವಾರಿ ಮಾಡಿದ, ಸಮುದ್ರಸ್ನಾನ ಮಾಡಿದ, ಲೆಮಿಂಗ್ಟನ್, ಚೆಲ್ಟೆನ್‌ಹ್ಯಾಮ್, ಹ್ಯಾರೊಗೇಟ್‌ಗಳ ಖನಿಜಜಲ ಕುಡಿದ, ಔಷಧಿಗಳನ್ನು ನುಂಗಿದ. ಐವತ್ತರಷ್ಟು ಟರ್ಕಿಶ್ ಹಬೆಸ್ನಾನಗಳಿಂದ ಇಳಿದದ್ದು ಆರೇ ಪೌಂಡು. ಇಪ್ಪತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಬಾರಿ ಚಿಕಿತ್ಸೆಗೆ ಒಳಗಾದ. ವಯಸ್ಸಾದಂತೆ ಮೈ ಬರುವುದು ಸಹಜವೆಂದು ಸಮಾಧಾನ ಹೇಳಿದ ವೈದ್ಯರೂ ಇದ್ದರು.

1862ರ ಆಗಸ್ಟಿನಲ್ಲಿ ಅವನ ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಎತ್ತರ ಐದಡಿ ಐದಂಗುಲ. ಇಂದಿನ ಲೆಕ್ಕದಲ್ಲಿ ದೇಹತೂಕ ಸೂಚ್ಯಂಕ 34ರ ಸಮೀಪ. ಬಗ್ಗಿ ಬೂಟಿನ ದಾರ ಕಟ್ಟಲಾಗುತ್ತಿರಲಿಲ್ಲ. ಮಂಡಿಗಳ ಮೇಲೆ ಭಾರ ಬೀಳದಂತೆ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಹೊಕ್ಕುಳಿನಲ್ಲಿ ಅಂಡವಾಯು, ದೃಷ್ಟಿಮಾಂದ್ಯ, ಕಿವುಡು. ಇವೆಲ್ಲಕ್ಕಿಂತ ನೋಯಿಸುತ್ತಿದ್ದದ್ದು ಜನರ ಕುಹಕ. ಸಭೆ ಸಮಾರಂಭಗಳಲ್ಲಿ, ಬಾಡಿಗೆ ಗಾಡಿಗಳಲ್ಲಿ ಕಣ್ಣುಗಳು ತನ್ನ ಮೇಲೇ ಇರುತ್ತವೆಂದು ಆತ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದ.

ಆತ ಕೊನೆಗೆ ಸರಿಯಾದ ವೈದ್ಯನ ಬಳಿಗೆ ಹೋದದ್ದು ತೂಕಕ್ಕಾಗಿ ಅಲ್ಲ, ಕಿವಿಗಾಗಿ. ಕಿವಿಯ ಶಸ್ತ್ರವೈದ್ಯ ವಿಲಿಯಂ ಹಾರ್ವೆ, ಈ ಕಿವುಡಿಗೆ ಮೂಲ ಮೈಯ ಬೊಜ್ಜೇ ಎಂದು ನಿರ್ಣಯಿಸಿದ. ಈ ಹಾರ್ವೆ ಕೆಲವು ವರ್ಷಗಳ ಹಿಂದೆ ಪ್ಯಾರಿಸಿನಲ್ಲಿ ಕ್ಲಾಡ್ ಬರ್ನಾರ್ಡನ ವಿಚಾರಗಳನ್ನು ಕೇಳಿ ಬಂದಿದ್ದ. ಯಕೃತ್ತು ತಾನೇ ಸಕ್ಕರೆಯನ್ನು ಉತ್ಪಾದಿಸುತ್ತದೆ ಎಂದು 1848ರಲ್ಲಿ ಕಂಡುಕೊಂಡವನು ಬರ್ನಾರ್ಡ್; ಅಲ್ಲಿ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ ಎಂದು 1857ರಲ್ಲಿ ಆ ವಸ್ತುವನ್ನೇ ಬೇರ್ಪಡಿಸಿ ತೋರಿಸಿದ. ಸಕ್ಕರೆ ಪಿಷ್ಟಗಳನ್ನು ಬಿಡಿಸಿದರೆ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುವುದು ವೈದ್ಯರಿಗೆ ತಿಳಿದಿತ್ತು. ದನಕರುಗಳನ್ನು ಕೊಬ್ಬಿಸಲು ರೈತರು ಹಾಕುವುದೂ ಪಿಷ್ಟದ ಆಹಾರವನ್ನೇ. ಈ ಎಳೆಗಳನ್ನು ಜೋಡಿಸಿ ಹಾರ್ವೆ ಒಂದು ಪಥ್ಯವನ್ನು ರೂಪಿಸಿದ.

ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಇವು ನಿಷಿದ್ಧ. ದಿನಕ್ಕೆ ನಾಲ್ಕು ಹೊತ್ತು ಔನ್ಸುಗಳಲ್ಲಿ ತೂಗಿದ ಮಾಂಸ ಅಥವಾ ಮೀನು, ಆಲೂಗಡ್ಡೆಯನ್ನುಳಿದ ತರಕಾರಿ, ಸ್ವಲ್ಪ ಹಣ್ಣು, ಒಂದು ಔನ್ಸು ಒಣ ಟೋಸ್ಟು, ಹಾಲು ಸಕ್ಕರೆಗಳಿಲ್ಲದ ಚಹಾ. ಜೊತೆಗೆ ಇಂದಿನ ಯಾವ ವೈದ್ಯನೂ ಒಪ್ಪದಷ್ಟು ದ್ರಾಕ್ಷಾರಸ. ವಾರಗಳು ಉರುಳಿದಂತೆ ಬ್ಯಾಂಟಿಂಗ್ ತನ್ನ ತೂಕವನ್ನು ದಿನಾಂಕ ಸಹಿತ ಬರೆದಿಟ್ಟ. 1863ರ ಸೆಪ್ಟೆಂಬರಿಗೆ ತೂಕ 156 ಪೌಂಡು. ಇಳಿದದ್ದು 46 ಪೌಂಡು, ಸುಮಾರು 21 ಕಿಲೋ. ಸೊಂಟದ ಸುತ್ತಳತೆ 12 ಅಂಗುಲಕ್ಕೂ ಮಿಗಿಲಾಗಿ ಕುಗ್ಗಿತು. ಕಿವಿ ಸುಧಾರಿಸಿತು. ಆತ ಮೆಟ್ಟಿಲನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿದ.

ಬೇರೆಯವನಾಗಿದ್ದರೆ ಸುಮ್ಮನಿರುತ್ತಿದ್ದ. ಬ್ಯಾಂಟಿಂಗ್ 1863ರಲ್ಲಿ, ಲೆಟರ್ ಆನ್ ಕಾರ್ಪ್ಯುಲೆನ್ಸ್ ಎಂಬ ಪುಟ್ಟ ಪುಸ್ತಿಕೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚಿದ. ಮೊದಲ ಮುದ್ರಣಗಳು ಉಚಿತವಾಗಿದ್ದವು. ಮುಂದೆ ಮಾರಾಟದಿಂದ ಬಂದ ಲಾಭವನ್ನು ದಾನಕ್ಕೆ ಕೊಟ್ಟ. ಪುಸ್ತಿಕೆ ಬೇರೆ ಭಾಷೆಗಳಿಗೂ ಹೋಯಿತು. ಮೆಟ್ಟಿಲ ಕಷ್ಟ, ಬೂಟಿನ ದಾರ, ಬೀದಿಯ ಅವಮಾನ ಎಲ್ಲವನ್ನೂ ಅದರಲ್ಲಿ ಮರೆಮಾಚದೆ ಹೇಳಿದ್ದ. ಲ್ಯಾನ್ಸೆಟ್ ಪತ್ರಿಕೆ ಅದನ್ನು ಹಂಗಿಸಿತು: ವೈದ್ಯನಲ್ಲದವನು ವೈದ್ಯದ ಮಾತಾಡಬಾರದು, ಹೇಳಿದ್ದರಲ್ಲಿ ಹೊಸದೂ ಇಲ್ಲ ಎಂಬ ಧಾಟಿಯಲ್ಲಿ. ಎರಡನೆಯ ಮಾತಿನಲ್ಲಿ ಸತ್ಯವಿತ್ತು. ಆದರೆ ಜನ ಆತನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡರು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ ಬಾಂಟಾ ಎನ್ನುತ್ತಾರೆ. ದಕ್ಷಿಣ ಆಫ್ರಿಕದಲ್ಲಿ ಪಿಷ್ಟ ಬಿಟ್ಟವರು ತಾವು ಬ್ಯಾಂಟಿಂಗ್ ಮಾಡುತ್ತಿದ್ದೇವೆ ಎನ್ನುತ್ತಾರೆ. ಆತ ತೀರಿಕೊಂಡದ್ದು 1878ರ ಮಾರ್ಚಿನಲ್ಲಿ, 81ನೆಯ ವಯಸ್ಸಿನಲ್ಲಿ.

ಆತನ ಕಾಲದಲ್ಲಿ ತೂಕ ಇಳಿಸಲು ಶಸ್ತ್ರಚಿಕಿತ್ಸೆ ಇರಲಿಲ್ಲ. ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಜಠರದ ಬೈಪಾಸ್ ಆರಂಭಿಸಿದ್ದು 1966ರಲ್ಲಿ. ಆದರೆ ನನ್ನ ಈ ಹದಿನಾಲ್ಕು ದಿನಗಳ ಪಥ್ಯಕ್ಕೂ ಬ್ಯಾಂಟಿಂಗನ ಪಥ್ಯಕ್ಕೂ ನಡುವೆ ಯಕೃತ್ತಿನ ನಂಟಿದೆ. ಯಕೃತ್ತಿನ ಎಡಹಾಲೆ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ಎತ್ತಿ ಹಿಡಿದರೆ ಮಾತ್ರ ಶಸ್ತ್ರವೈದ್ಯರಿಗೆ ದಾರಿ. ಕೊಬ್ಬು ತುಂಬಿದ ಯಕೃತ್ತು ದೊಡ್ಡದು, ಭಾರ. ಎತ್ತುವಾಗ ಹರಿದು ರಕ್ತ ಸುರಿಯಬಹುದು. ದಿನಕ್ಕೆ 800ರಿಂದ 1200 ಕ್ಯಾಲೊರಿಯೊಳಗಿನ, ಪಿಷ್ಟ ಕಡಿಮೆಯಿರುವ ಆಹಾರದಿಂದ ಮೊದಲು ಬರ್ನಾರ್ಡ್ ಕಂಡ ಗ್ಲೈಕೋಜೆನ್ ಕರಗುತ್ತದೆ, ಅದರೊಡನೆ ಕೂಡಿದ ನೀರೂ ಹೋಗುತ್ತದೆ. ಅನಂತರ ಕೊಬ್ಬು ಇಳಿಯುತ್ತದೆ. ಎರಡು ವಾರಗಳಲ್ಲಿಯೇ ಯಕೃತ್ತು ಕುಗ್ಗುತ್ತದೆ. ಈ ಪಥ್ಯವನ್ನು ಸಂಕಲ್ಪದ ಪರೀಕ್ಷೆಯೆಂದೋ ತಿಂದದ್ದಕ್ಕೆ ಶಿಕ್ಷೆಯೆಂದೋ ಭಾವಿಸಿ ಕುಗ್ಗುವವರಿದ್ದಾರೆ. ಎರಡೂ ಅಲ್ಲ. ಅದು ಶಸ್ತ್ರಚಿಕಿತ್ಸೆಯ ಮೊದಲ ಹಂತ. ಅದನ್ನು ರೋಗಿಯೇ ತನ್ನ ಅಡುಗೆಮನೆಯಲ್ಲಿ ಮಾಡಬೇಕು.

ಮೇಲ್ವಿಚಾರಣೆ ಬೇಕಾಗುವುದೂ ಇದರಿಂದಲೇ. ಬ್ಯಾಂಟಿಂಗನಿಗೆ ಬ್ರೆಡ್ಡು ಬಿಯರ್ ಇದ್ದ ಜಾಗದಲ್ಲಿ ನಮಗೆ ಅನ್ನ, ಮುದ್ದೆ, ಇಲ್ಲಿಯ ಉಗಾಲಿ, ಹಾಲು ಸಕ್ಕರೆ ಕೂಡಿಸಿ ಕುದಿಸಿದ ಚಹಾ ಇವೆ. ಇನ್ಸುಲಿನ್ ಅಥವಾ ಮಧುಮೇಹದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಇವನ್ನೆಲ್ಲ ಒಮ್ಮೆಲೇ ಬಿಟ್ಟು ಔಷಧಿಯನ್ನು ಮೊದಲಿನಂತೆಯೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತದೊತ್ತಡದ ಔಷಧಿಯನ್ನೂ ಮರುಪರಿಶೀಲಿಸಬೇಕಾದೀತು. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಪ್ರೋಟೀನಿನ ಲೆಕ್ಕವೇ ಬೇರೆ. ಮದ್ಯ ಸಲ್ಲದು. ಆದ್ದರಿಂದ ಬ್ಯಾಂಟಿಂಗನ ಪಟ್ಟಿಯನ್ನಾಗಲಿ ನನ್ನ ತಟ್ಟೆಯನ್ನಾಗಲಿ ಯಾರೂ ಅನುಕರಿಸಬಾರದು. ತಮ್ಮ ವೈದ್ಯರು ಬರೆದುಕೊಟ್ಟದ್ದನ್ನೇ ಅನುಸರಿಸಬೇಕು.

ಮೂರನೆಯ ದಿನ ತಲೆನೋವು ಬಂದಾಗ, ಐದನೆಯ ದಿನ ಮನೆಯಲ್ಲಿ ಒಗ್ಗರಣೆಯ ವಾಸನೆ ಎದ್ದಾಗ, ಪಥ್ಯ ಬಿಡುವ ಮನಸ್ಸು ನನಗೂ ಬಂತು. ಆಹಾರತಜ್ಞೆಗೆ ಫೋನ್ ಮಾಡಿದೆ. ಆಕೆ ಗದರಲಿಲ್ಲ, ಏನು ಕುಡಿದಿರಿ, ಉಪ್ಪು ಎಷ್ಟು ಎಂದು ವಿಚಾರಿಸಿದರು. ಹಾರ್ವೆ ಮಾಡಿದ್ದೂ ಇಂಥದ್ದೇ ಕೆಲಸ. ಇಪ್ಪತ್ತು ವರ್ಷ ಹೆಣಗಿದವನೆದುರು ಮತ್ತೆ ಶ್ರಮದ ಉಪದೇಶ ಮಾಡದೆ, ಏನನ್ನು ತಿನ್ನುತ್ತೀರಿ ಎಂದು ಕೇಳಿ, ಕಾರಣ ಹುಡುಕಿದ. ಗುಣಮುಖಳಾಗಿ ಕೆಲಸಕ್ಕೆ ಮರಳಿದ ಮೇಲೆ, ಸ್ಥೂಲಕಾಯದ ರೋಗಿ ಎದುರು ಕುಳಿತಾಗ, ಇಷ್ಟು ದಿನ ಏನೇನು ಪ್ರಯತ್ನಿಸಿದ್ದೀರಿ ಎಂಬುದನ್ನು ಮೊದಲು ಕೇಳುವೆನು. ಅವರು ಹೇಳಿ ಮುಗಿಸುವವರೆಗೆ ಚೀಟಿಯ ಪುಸ್ತಕವನ್ನು ಮುಟ್ಟುವುದಿಲ್ಲ.